ಬಾಕಿ ಉಳಿದ ಒಂದು ಸಬ್ಜೆಕ್ಟ್

ಕಳೆದ ತಿಂಗಳು ಚಿಕ್ಕಮ್ಮನ ಮಗಳಿಂದ ಮೆಸೇಜ್ ಬಂತು. "ಅಣ್ಣ, ಇಂಟರ್ನ್‌ಶಿಪ್ ಮಾಡಿದ ಕಂಪನಿಯವರೇ ಕೆಲಸ ಕೊಡ್ತಿದ್ದಾರೆ. ಈಗಲೇ ಸೇರಬೇಕಂತೆ. ಡಿಗ್ರಿ ಇನ್ನೂ ಮೂರು ಸೆಮಿಸ್ಟರ್ ಇದೆ. ಬಿಟ್ಟುಬಿಡ್ಲಾ?" ಕೊನೆಗೆ ಒಂದು ನಗುವ ಇಮೋಜಿ. ಮೆಸೇಜ್ ಬಂದ ಸಮಯ ರಾತ್ರಿ ಎರಡೂವರೆ. ಹಾಗಾಗಿ ಆ ನಗುವನ್ನು ನಾನು ನಂಬಲಿಲ್ಲ.

ಉತ್ತರ ಬರೆದೆ, ಅಳಿಸಿದೆ. ಮೊದಲ ಸಲ "ಮುಗಿಸಿಬಿಡು, ಮೂರೇ ಸೆಮಿಸ್ಟರ್ ತಾನೆ" ಎಂದು ಬರೆದಿದ್ದೆ. ಆ ಮೂರು ಸೆಮಿಸ್ಟರ್ ಕೂರಬೇಕಾದವರು ಯಾರೂ ಅದನ್ನು 'ಮೂರೇ' ಅನ್ನುವುದಿಲ್ಲ. ಎರಡನೇ ಸಲ "ನಿನಗೆ ಯಾವುದು ಸರಿ ಅನ್ಸತ್ತೋ ಅದು ಮಾಡು" ಎಂದು ಬರೆದೆ. ಅದು ಜಾರಿಕೊಳ್ಳುವ ಮಾತು. ಅವಳಿಗೆ ಯಾವುದು ಸರಿ ಅಂತ ಗೊತ್ತಿದ್ದರೆ ನನ್ನನ್ನು ಯಾಕೆ ಕೇಳುತ್ತಿದ್ದಳು? ಮೂರನೇ ಸಲ ನನ್ನ ಕಥೆಯನ್ನೇ ಹೇಳಲು ಹೊರಟೆ. ಅದು ಮೆಸೇಜಿನಲ್ಲಿ ಮುಗಿಯುವ ಹಾಗೆ ಕಾಣಲಿಲ್ಲ.

ನಾನು ಕಂಪ್ಯೂಟರ್ ಸೈನ್ಸ್ ಡಿಗ್ರಿಯ ಆರನೇ ಸೆಮಿಸ್ಟರ್ ಮುಗಿಸಿ ಕೆಲಸಕ್ಕೆ ಹೋದವನು. ಹದಿನಾಲ್ಕು ತಿಂಗಳ ಮೇಲೆ ವಾಪಸ್ ಬಂದು ಡಿಗ್ರಿ ಮುಗಿಸಿದವನು. ಹೀಗಾಗಿ ನಮ್ಮ ಬಳಗದಲ್ಲಿ ಎರಡೂ ಕಡೆಯ ವಾದಕ್ಕೆ ನಾನು ಉದಾಹರಣೆ. ಬಿಡಬೇಕು ಅನ್ನುವವರು "ನೋಡು, ಅವನು ಬಿಟ್ಟು ಹೋಗಿ ಚೆನ್ನಾಗೇ ಇದ್ದ" ಅನ್ನುತ್ತಾರೆ. ಬಿಡಬಾರದು ಅನ್ನುವವರು "ಕೊನೆಗೆ ಅವನೂ ವಾಪಸ್ ಬಂದ" ಅನ್ನುತ್ತಾರೆ. ಇಬ್ಬರ ಬಾಯಲ್ಲೂ ನನ್ನ ಕಥೆ ನನಗೇ ಗುರುತು ಸಿಗುವುದಿಲ್ಲ.

ಎರಡು ಫಾರಂ

ಬಿಡುವಾಗ ನಾನು ಎಲ್ಲರಿಗೂ ಹೇಳಿದ ಕಾರಣಗಳು ನೆನಪಿವೆ. ಸಿಲಬಸ್ ಹಳೆಯದು. ಕ್ಲಾಸಿನಲ್ಲಿ ಹೇಳಿಕೊಡುವುದನ್ನು ಯಾರೂ ಬಳಸುವುದಿಲ್ಲ. ಇಂಟರ್ನ್‌ಶಿಪ್‌ನ ಎರಡು ತಿಂಗಳಲ್ಲಿ ಕಲಿತಷ್ಟು ಮೂರು ವರ್ಷದಲ್ಲಿ ಕಲಿತಿಲ್ಲ. ಇವೆಲ್ಲ ಪೂರ್ತಿ ಸುಳ್ಳಲ್ಲ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಸುವುದು, ಬೇರೆಯವರು ಬರೆದ ಸಾವಿರಾರು ಸಾಲಿನ ಕೋಡ್ ಓದುವುದು, ಲಾಗ್ ನೋಡಿ ಎಲ್ಲಿ ಕೆಟ್ಟಿದೆ ಎಂದು ಊಹಿಸುವುದು, ನಾವು ಮಾಡಿದ್ದನ್ನು ನಿಜವಾಗಿ ಜನ ಬಳಸುವಾಗ ಹೊಟ್ಟೆಯಲ್ಲಿ ಆಗುವ ತಳಮಳ, ಇದ್ಯಾವುದೂ ಕ್ಲಾಸಿನಲ್ಲಿ ಸಿಕ್ಕಿರಲಿಲ್ಲ. ಹೇಳುವಾಗ ನನ್ನ ದನಿ ಗಟ್ಟಿಯಾಗಿರುತ್ತಿತ್ತು. ಕೇಳಿದವರು ತಲೆಯಾಡಿಸುತ್ತಿದ್ದರು.

ಹೇಳದೇ ಇದ್ದದ್ದು ಒಂದಿತ್ತು. ಆಟೋಮ್ಯಾಟಾ ಥಿಯರಿ, ಅಂದರೆ ಯಾವ ಥರದ ಯಂತ್ರ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎನ್ನುವ ಗಣಿತ, ಆ ಪೇಪರ್‌ನಲ್ಲಿ ನಾನು ಎರಡು ಸಲ ಫೇಲ್ ಆಗಿದ್ದೆ. ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಎಲ್ಲರಿಗಿಂತ ಮೊದಲು ಮುಗಿಸುತ್ತಿದ್ದವನು ನಾನು. ಬೇರೆಯವರ ಬಗ್ ಹುಡುಕಿಕೊಡುತ್ತಿದ್ದವನು ನಾನು. ಅಂಥವನಿಗೆ ಬೋರ್ಡಿನ ಮೇಲಿನ ವೃತ್ತಗಳು, ಬಾಣಗಳು, ಪಂಪಿಂಗ್ ಲೆಮ್ಮಾ ಅನ್ನುವ ಆ ವಿಚಿತ್ರ ಪ್ರಮೇಯ ತಲೆಗೇ ಹೋಗಲಿಲ್ಲ. ಎರಡನೇ ಸಲ ರಿಸಲ್ಟ್ ಬಂದಾಗ ನಾನು ಸಿಟ್ಟಾದೆ. ಆ ಸಿಟ್ಟಿಗೆ ಮೂರೇ ವಾರದಲ್ಲಿ 'ಸಿಲಬಸ್ ಹಳೆಯದು' ಎನ್ನುವ ಒಳ್ಳೆ ಬಟ್ಟೆ ಸಿಕ್ಕಿತು.

ಆಫೀಸಿಗೆ ಹೋಗಿ ಕೌಂಟರಿನಲ್ಲಿ "ನಾನು ಬಿಡ್ತಾ ಇದ್ದೀನಿ" ಅಂದೆ. ಒಳಗಿದ್ದ ಗುಮಾಸ್ತರು ತಲೆಯೆತ್ತದೆ ಕೇಳಿದರು: "ಬಿಡೋದಾ, ಬ್ರೇಕ್ ತಗೊಳ್ಳೋದಾ?" ಎರಡಕ್ಕೂ ಬೇರೆ ಬೇರೆ ಫಾರಂ ಇದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎರಡನ್ನೂ ಮುಂದಿಟ್ಟರು. ಬಿಡುವ ಫಾರಂ ನಾಲ್ಕು ಪುಟ. ಲೈಬ್ರರಿ, ಲ್ಯಾಬ್, ಹಾಸ್ಟೆಲ್ ಎಂದು ಏಳೆಂಟು ಕಡೆ ಸಹಿ ಹಾಕಿಸಿಕೊಂಡು ಬರಬೇಕು. ಬ್ರೇಕ್ ಫಾರಂ ಒಂದೇ ಪುಟ, ಒಂದು ಸಹಿ. ಎರಡು ವರ್ಷದೊಳಗೆ ವಾಪಸ್ ಬಂದರೆ ಅದೇ ಸೆಮಿಸ್ಟರ್‌ನಿಂದ ಮುಂದುವರಿಯಬಹುದು. ನಾನು ಬ್ರೇಕ್ ಫಾರಂ ತುಂಬಿದೆ. ದೂರಾಲೋಚನೆ ಏನೂ ಇರಲಿಲ್ಲ. ಅವತ್ತು ಬಿಸಿಲು ಜಾಸ್ತಿ ಇತ್ತು, ಏಳೆಂಟು ಕಡೆ ಅಲೆಯಲು ಮನಸ್ಸಿರಲಿಲ್ಲ, ಅಷ್ಟೇ. ಜೀವನದ ದೊಡ್ಡ ತೀರ್ಮಾನ ಎಂದು ನಾನು ಹೇಳಿಕೊಳ್ಳುವುದರ ಅತಿ ಮುಖ್ಯ ಭಾಗವನ್ನು ಮಾಡಿದ್ದು ನನ್ನ ಸೋಮಾರಿತನ.

ಬಿಟ್ಟವರು ನಿಜವಾಗಿ ಏನು ಮಾಡಿದರು

ಈ ವಿಷಯ ಬಂದಾಗ ಯಾರಾದರೂ ಬಿಲ್ ಗೇಟ್ಸ್ ಹೆಸರು ತೆಗೆಯದೆ ಇರುವುದಿಲ್ಲ. ನಾನೂ ತೆಗೆದಿದ್ದೆ. ಗೇಟ್ಸ್ 1975ರಲ್ಲಿ ಹಾರ್ವರ್ಡ್ ಬಿಟ್ಟು ಮೈಕ್ರೋಸಾಫ್ಟ್ ಶುರು ಮಾಡಿದ್ದು ಎಲ್ಲರಿಗೂ ಗೊತ್ತು. ಆದರೆ ಅವರೂ ಮೊದಲು ತೆಗೆದುಕೊಂಡದ್ದು ರಜೆ. ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಗೂಗಲ್ ಕಟ್ಟಲು ಹೊರಟಾಗಲೂ ಸ್ಟ್ಯಾನ್‌ಫರ್ಡ್‌ನ ಪಿಎಚ್‌ಡಿಗೆ ರಜೆ ಹಾಕಿದ್ದರು. ಮಾಸ್ಟರ್ಸ್ ಆಗಲೇ ಕೈಯಲ್ಲಿತ್ತು. ಬಾಗಿಲು ಒದ್ದು ಹೋದವರು ಎಂದು ನಾವು ಹೇಳಿಕೊಳ್ಳುವ ಈ ಜನ ಬಾಗಿಲನ್ನು ಮೆಲ್ಲಗೆ ಓರೆ ಮಾಡಿ ಹೋದವರು.

ಗೇಟ್ಸ್ ವಿಷಯದಲ್ಲಿ ನನ್ನನ್ನು ಚುಚ್ಚುವ ಸಂಗತಿ ಬೇರೆ. ಒಂದರ ಮೇಲೊಂದು ಪೇರಿಸಿದ ಪ್ಯಾನ್‌ಕೇಕ್‌ಗಳನ್ನು ಮೇಲಿನಿಂದ ಒಂದಷ್ಟನ್ನು ಒಟ್ಟಿಗೆ ಮಗುಚುತ್ತಾ ಗಾತ್ರದ ಕ್ರಮಕ್ಕೆ ತರಬೇಕು, ಹೆಚ್ಚೆಂದರೆ ಎಷ್ಟು ಸಲ ಮಗುಚಬೇಕಾಗುತ್ತದೆ ಎನ್ನುವ ಲೆಕ್ಕವೊಂದಿದೆ. ಕಾಲೇಜಿನಲ್ಲಿದ್ದಾಗ ಗೇಟ್ಸ್ ಅದಕ್ಕೆ ಒಂದು ಒಳ್ಳೆ ಉಪಾಯ ಹುಡುಕಿದರು. ಅಲ್ಲಿ ಪಾಠ ಮಾಡುತ್ತಿದ್ದ ಕ್ರಿಸ್ಟೋಸ್ ಪಾಪಡಿಮಿಟ್ರಿಯೂ ಅವರ ಜೊತೆ ಸೇರಿ ಬರೆದ ಆ ಪ್ರಬಂಧ 1979ರಲ್ಲಿ ಪ್ರಕಟವಾಯಿತು. ಅವರು ಕೊಟ್ಟ ಮಿತಿಯನ್ನು ಯಾರಾದರೂ ಸುಧಾರಿಸಲು ಸುಮಾರು 30 ವರ್ಷ ಬೇಕಾಯಿತು. ಅಂದರೆ ಆ ಮನುಷ್ಯನಿಗೆ ಥಿಯರಿ ಚೆನ್ನಾಗಿಯೇ ಬರುತ್ತಿತ್ತು. ಬಂದದ್ದನ್ನು ಬಿಟ್ಟು ಇನ್ನೊಂದರ ಕಡೆ ಹೋದರು. ನಾನು ಬಾರದ್ದನ್ನು ಬಿಟ್ಟು ಓಡಿದವನು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ನನಗೆ ಅವರಿಗಿಂತ ಹತ್ತಿರ ಅನ್ನಿಸುವುದು ನೆದರ್ಲೆಂಡ್ಸ್‌ನ ಕಂಪ್ಯೂಟರ್ ವಿಜ್ಞಾನಿ ಎಡ್ಸ್ಗರ್ ಡೈಕ್‌ಸ್ಟ್ರಾ. ಅವರು 1952ರಿಂದ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್. ಅದೇ ಹೊತ್ತಿಗೆ ಲೈಡನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿ. ಎರಡು ದೋಣಿಯಲ್ಲಿ ಒಂದೊಂದು ಕಾಲು. ಮೂರು ವರ್ಷ ಕಳೆಯುವ ಹೊತ್ತಿಗೆ ಸಾಕಾಗಿಹೋಯಿತು. ಪ್ರೋಗ್ರಾಮಿಂಗ್ ಒಂದು ಮರ್ಯಾದಸ್ಥ ವಿದ್ಯೆಯೇ ಎಂಬ ಅನುಮಾನ ಬೇರೆ. ಬಾಸ್ ಆಗಿದ್ದ ವಾನ್ ವೈನ್‌ಗಾರ್ಡನ್ ಬಳಿ ಹೋಗಿ ಕೇಳಿದರು. ಆ ವಿದ್ಯೆ ಇನ್ನೂ ಇಲ್ಲ ನಿಜ, ಆದರೆ ಕಂಪ್ಯೂಟರ್‌ಗಳಂತೂ ಇರುತ್ತವೆ, ಆ ವಿದ್ಯೆಯನ್ನು ಕಟ್ಟುವವರಲ್ಲಿ ನೀನೂ ಒಬ್ಬನಾಗಬಾರದೇಕೆ ಎಂಬ ಅರ್ಥದ ಉತ್ತರ ಬಂತು. ಡೈಕ್‌ಸ್ಟ್ರಾ ತೀರ್ಮಾನ ಮಾಡಿದರು. ಆದರೆ ಭೌತಶಾಸ್ತ್ರವನ್ನು ಅರ್ಧಕ್ಕೆ ಬಿಡಲಿಲ್ಲ. ಆದಷ್ಟು ಕಡಿಮೆ ಶ್ರಮದಲ್ಲಿ, ಮುಗಿಸಬೇಕಲ್ಲ ಎಂದು ಮುಗಿಸಿದರು. 1957ರಲ್ಲಿ ಮದುವೆಯ ದಾಖಲೆಯಲ್ಲಿ ಉದ್ಯೋಗ 'ಪ್ರೋಗ್ರಾಮರ್' ಎಂದು ಬರೆಸಲು ಹೋದರೆ ಅಂಥ ಉದ್ಯೋಗವೇ ಇಲ್ಲ ಎಂದು ಅಧಿಕಾರಿಗಳು ಒಪ್ಪಲಿಲ್ಲ. ಭೌತವಿಜ್ಞಾನಿ ಎಂದೇ ಬರೆಸಬೇಕಾಯಿತು. 1972ರಲ್ಲಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದ ಭಾಷಣದಲ್ಲಿ ಅವರೇ ಇದನ್ನೆಲ್ಲ ಹೇಳಿಕೊಂಡರು. ಒಂದು ಡಿಗ್ರಿಯನ್ನು ಪ್ರೀತಿಯಿಲ್ಲದೆ, ರ್‍ಯಾಂಕಿನ ಆಸೆಯಿಲ್ಲದೆ, ಸುಮ್ನೆ ಮುಗಿಸಬಹುದು ಎಂಬುದು ನನಗೆ ಇಪ್ಪತ್ತನೇ ವಯಸ್ಸಿನಲ್ಲಿ ಹೊಳೆದಿರಲೇ ಇಲ್ಲ. ಒಂದೋ ಎದ್ದು ಕಾಣುವ ಹಾಗೆ ಪಾಸಾಗಬೇಕು, ಇಲ್ಲಾ ಎದ್ದು ಹೋಗಬೇಕು ಅಂದುಕೊಂಡಿದ್ದೆ.

ಆವರಣ ಚಿಹ್ನೆಗಳ ಎರಡು ವಾರ

ಕೆಲಸ ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ನೀತಿಕಥೆಯ ಥರ ಕೇಳಿಸುತ್ತದೆ. ಆರು ಜನರ ತಂಡ. ಬೆಳಿಗ್ಗೆ ಬರೆದದ್ದು ಸಂಜೆಗೆ ಯಾರದೋ ಪರದೆಯ ಮೇಲೆ ಓಡುತ್ತಿತ್ತು. ತಿಂಗಳ ಕೊನೆಗೆ ಸಂಬಳ. ಅಪ್ಪನ ಹತ್ತಿರ ದುಡ್ಡು ಕೇಳದೆ ಇರುವ ಸುಖ. ಮೊದಲ ಎಂಟು ತಿಂಗಳು ಕಾಲೇಜು ನೆನಪಾದದ್ದು ಕಡಿಮೆ.

ಒಂಬತ್ತನೇ ತಿಂಗಳು ಒಂದು ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಸಾಫ್ಟ್‌ವೇರ್ ಬಳಸುವವರು ತಮಗೆ ಬೇಕಾದ ಷರತ್ತುಗಳನ್ನು ತಾವೇ ಬರೆಯುವಂತಾಗಬೇಕು. 'ವಯಸ್ಸು ಇಷ್ಟಕ್ಕಿಂತ ಹೆಚ್ಚಿದ್ದು, ಇದು ಅಥವಾ ಅದು ಆಗಿದ್ದರೆ' ಎನ್ನುವಂಥದ್ದು, ಆವರಣ ಚಿಹ್ನೆ ಹಾಕಿ. ಅದನ್ನು ಓದಿ ಬಿಡಿಸುವ ಭಾಗ ನನ್ನದು. ರೆಜೆಕ್ಸ್‌ನಲ್ಲಿ (ರೆಗ್ಯುಲರ್ ಎಕ್ಸ್‌ಪ್ರೆಶನ್, ಪಠ್ಯದಲ್ಲಿ ಬೇಕಾದ ಮಾದರಿಯನ್ನು ಹುಡುಕಲು ಬರೆಯುವ ಸಂಕೇತಗಳ ಸಾಲು) ನಾನು ನಿಸ್ಸೀಮ ಎಂದು ತಂಡದಲ್ಲಿ ಹೆಸರಿತ್ತು. ಒಂದೇ ದಿನದಲ್ಲಿ ಬರೆದೆ. ಆವರಣ ಒಂದು ಹಂತ ಇದ್ದರೆ ಓಡಿತು. ಆವರಣದೊಳಗೆ ಆವರಣ ಬಂದಾಗ ಮುರಿಯಿತು. ಅದಕ್ಕೂ ಸೇರಿಸಿದೆ. ಮೂರನೇ ಹಂತ ಬಂತು. ಅದಕ್ಕೂ ಸೇರಿಸಿದೆ. ಒಂದು ವಾರದ ಹೊತ್ತಿಗೆ ಆ ರೆಜೆಕ್ಸ್ ಪರದೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಿ, ಮುರಿದು, ಮೂರು ಸಾಲಾಗಿತ್ತು. ಒಂದು ಕಡೆ ಸರಿ ಮಾಡಿದರೆ ಮೊನ್ನೆ ಸರಿ ಮಾಡಿದ್ದು ಕೆಡುತ್ತಿತ್ತು. ಎರಡನೇ ವಾರ ಒಂದು ದೊಡ್ಡ ಷರತ್ತು ಕೊಟ್ಟಾಗ ಟೆಸ್ಟ್ ಸರ್ವರ್ ಉತ್ತರವನ್ನೇ ಕೊಡದೆ ಸಿಪಿಯು ಪೂರ್ತಿ ತಿಂದು ನಿಂತುಬಿಟ್ಟಿತು. (ನನ್ನ ಸಮಾಧಾನಕ್ಕೆ: 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್‌ನಂಥ ದೊಡ್ಡ ಜಾಲವೇ ಒಂದು ಕೆಟ್ಟ ರೆಜೆಕ್ಸ್‌ನಿಂದ ಸುಮಾರು 27 ನಿಮಿಷ ಮಲಗಿತ್ತು. ನನ್ನದು ಬರೀ ಟೆಸ್ಟ್ ಸರ್ವರ್.)

ತಂಡದ ಹಿರಿಯರೊಬ್ಬರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. ಆ ಮೂರು ಸಾಲನ್ನು ಓದುವ ಪ್ರಯತ್ನವನ್ನೂ ಮಾಡಲಿಲ್ಲ. "ಆವರಣದೊಳಗೆ ಆವರಣ ಎಷ್ಟು ಆಳಕ್ಕೆ ಹೋಗಬಹುದು?" ಎಂದು ಕೇಳಿದರು. "ಎಷ್ಟು ಬೇಕಾದ್ರೂ" ಅಂದೆ. "ಹಾಗಿದ್ರೆ ಆಗಲ್ಲ ಬಿಡು."

ಕಷ್ಟ ಎಂದು ಹೇಳಲಿಲ್ಲ. ನಿಧಾನ ಆಗುತ್ತದೆ ಎನ್ನಲಿಲ್ಲ. ಆಗಲ್ಲ. ನಾನು ವಾದಕ್ಕೆ ನಿಂತೆ. ಅವರು ಹಾಳೆ ತೆಗೆದುಕೊಂಡು ನಾಲ್ಕು ವೃತ್ತ ಬರೆದರು, ನಡುವೆ ಬಾಣ. "ರೆಜೆಕ್ಸ್ ಅಂದ್ರೆ ಇಷ್ಟೇ. ಒಂದಷ್ಟು ಮನೆ. ಒಂದೊಂದು ಅಕ್ಷರ ಓದಿದಾಗ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗೋದು. ತಾನು ಈಗ ಯಾವ ಮನೇಲಿದೀನಿ ಅನ್ನೋದು ಬಿಟ್ಟು ಅದಕ್ಕೆ ಬೇರೆ ನೆನಪೇ ಇಲ್ಲ. ನೀನು ಐದು ಆವರಣ ತೆರೆದ್ರೆ ಐದು ಮುಚ್ಚಬೇಕು. ತೆರೆದದ್ದು ಎಷ್ಟು ಅಂತ ಅದು ಎಲ್ಲಿ ಬರೆದಿಟ್ಕೊಳ್ಳುತ್ತೆ? ಇರೋ ಮನೆಗಿಂತ ಜಾಸ್ತಿ ಆವರಣ ಬಂದ್ರೆ ಎಲ್ಲೋ ಒಂದು ಕಡೆ ಹಳೇ ಮನೆಗೇ ವಾಪಸ್ ಬರಲೇಬೇಕು. ಬಂದ ತಕ್ಷಣ ಲೆಕ್ಕ ಕಳ್ಕೊಳ್ಳುತ್ತೆ." ಪೆನ್ನು ಕೆಳಗಿಟ್ಟರು. "ಇದಕ್ಕೆ ಸ್ಟ್ಯಾಕ್ ಬೇಕು, ತೆರೆದದ್ದನ್ನೆಲ್ಲ ಒಂದರ ಮೇಲೊಂದು ಪೇರಿಸಿಟ್ಕೊಳ್ಳೋ ನೆನಪು. ಷರತ್ತನ್ನ ತುಂಡು ತುಂಡಾಗಿ ಓದಿ ಬಿಡಿಸೋ ಒಂದು ಪಾರ್ಸರ್ ಬರಿ. ನೂರು ಸಾಲು ಆಗಬಹುದು."

ನಾನು ಹಾಳೆ ನೋಡುತ್ತಿದ್ದೆ. ಅದು ಬೋರ್ಡಿನ ಮೇಲಿದ್ದ ಅದೇ ಚಿತ್ರ. ಹಳೇ ಮನೆಗೆ ವಾಪಸ್ ಬರಲೇಬೇಕು ಎಂದು ಅವರು ಹೇಳಿದ್ದು ಪಂಪಿಂಗ್ ಲೆಮ್ಮಾದ ತಿರುಳು. ಎರಡು ಸಲ ಪರೀಕ್ಷೆಯಲ್ಲಿ ನನ್ನ ಮುಂದೆ ಬಂದು, ಎರಡು ಸಲವೂ ನಾನು ಖಾಲಿ ಬಿಟ್ಟ ಪ್ರಶ್ನೆ. ಈ ರೆಜೆಕ್ಸ್ ಅನ್ನುವುದು 1950ರ ದಶಕದಲ್ಲಿ ಸ್ಟೀಫನ್ ಕ್ಲೀನಿ ಗಣಿತವಾಗಿ ರೂಪಿಸಿದ್ದು, 1968ರಲ್ಲಿ ಕೆನ್ ಥಾಂಪ್ಸನ್ ಅದನ್ನು ಪಠ್ಯದಲ್ಲಿ ಹುಡುಕುವ ಉಪಕರಣ ಮಾಡಿದ್ದು. ಉಪಕರಣ ನನಗೆ ಚೆನ್ನಾಗಿ ಗೊತ್ತಿತ್ತು. ಅದರ ಗೋಡೆ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಎರಡು ವಾರ ಆ ಗೋಡೆಗೆ ತಲೆ ಚಚ್ಚಿಕೊಂಡು, ಇನ್ನೊಂಚೂರು ಜೋರಾಗಿ ಚಚ್ಚಿದರೆ ಬಾಗಿಲು ತೆರೆಯಬಹುದು ಅಂದುಕೊಂಡಿದ್ದೆ. (ಪರ್ಲ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವವರು ದಯವಿಟ್ಟು ಕೈ ಎತ್ತಬೇಡಿ. ಈಗಿನ ಕೆಲವು ರೆಜೆಕ್ಸ್‌ಗಳಲ್ಲಿ ತನ್ನನ್ನೇ ತಾನು ಮತ್ತೆ ಕರೆದುಕೊಳ್ಳುವ ರಿಕರ್ಶನ್ ಇದೆ, ನನಗೂ ಗೊತ್ತು. ಅವು ಹೆಸರಿಗಷ್ಟೇ ರೆಗ್ಯುಲರ್.)

ಇವತ್ತಾಗಿದ್ದರೆ ಎಐ ಟೂಲ್ ಕೇಳುತ್ತಿದ್ದೆ, ಎರಡು ವಾರ ಉಳಿಯುತ್ತಿತ್ತು ಎಂದು ಯಾರಾದರೂ ಹೇಳಬಹುದು. ಇರಬಹುದು. ಆದರೆ ನಾನು ಅದನ್ನು ಏನು ಕೇಳುತ್ತಿದ್ದೆ ಎಂದೂ ನನಗೆ ಗೊತ್ತು. "ಈ ರೆಜೆಕ್ಸ್ ಸರಿ ಮಾಡಿಕೊಡು."

ಕಥೆ ಇಲ್ಲಿಗೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು

ಇಲ್ಲಿಗೆ ನಿಲ್ಲಿಸಿದರೆ ಡಿಗ್ರಿ ಗೆದ್ದ ಕಥೆಯಾಗುತ್ತದೆ. ನಮ್ಮ ಮನೆಯವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅವತ್ತು ಸಂಜೆ ನಾನು ಆ ಹಿರಿಯರನ್ನು ಕೇಳಿದೆ, "ಸರ್, ನೀವು ಇದನ್ನ ಯಾವ ವರ್ಷ ಓದಿದ್ರಿ?" ಅವರು ನಕ್ಕರು. ಅವರಿಗೆ ಡಿಗ್ರಿಯೇ ಇರಲಿಲ್ಲ. ಎರಡನೇ ವರ್ಷದಲ್ಲಿ ಬಿಟ್ಟವರು. ನನ್ನ ಹಾಗೇ ಇದೇ ಗೋಡೆಗೆ ಡಿಕ್ಕಿ ಹೊಡೆದು, ಯಾಕೆ ಆಗುತ್ತಿಲ್ಲ ಎಂದು ಹುಡುಕುತ್ತಾ ಹೋಗಿ ಆ ಥಿಯರಿ ಸಿಕ್ಕಿತ್ತಂತೆ. "ನನಗೆ ನಾಲ್ಕು ತಿಂಗಳು ಹೋಯ್ತು. ಕೇಳೋಕೆ ಯಾರೂ ಇರಲಿಲ್ಲ. ನಿನಗೆ ಎರಡೇ ವಾರ. ಲಾಭ ಅಲ್ವಾ?" ಇನ್ನೊಂದು ವಿಷಯ: ನನ್ನ ರೆಜೆಕ್ಸನ್ನು ಮೊದಲ ವಾರ ರಿವ್ಯೂ ಮಾಡಿ 'ಚೆನ್ನಾಗಿದೆ' ಎಂದು ಒಪ್ಪಿಗೆ ಕೊಟ್ಟಿದ್ದ ಸಹೋದ್ಯೋಗಿಗೆ ಅದೇ ಪೇಪರ್‌ನಲ್ಲಿ ಒಳ್ಳೆ ಅಂಕ ಬಂದಿತ್ತು.

ಹಾಗಾದರೆ ಡಿಗ್ರಿ ಏನು ಕೊಡುತ್ತದೆ? ಅಂಕ ತೆಗೆದವನಿಗೆ ಗುರುತು ಸಿಗಲಿಲ್ಲ, ಕಾಲೇಜು ಬಿಟ್ಟವರಿಗೆ ಸಿಕ್ಕಿತು. ಮೈಕಲ್ ಸ್ಪೆನ್ಸ್ ಎಂಬ ಅರ್ಥಶಾಸ್ತ್ರಜ್ಞ 1973ರಲ್ಲೇ ಒಂದು ಕಟುವಾದ ವಾದ ಮುಂದಿಟ್ಟಿದ್ದರು. ಓದು ಏನನ್ನೂ ಕಲಿಸದೆ ಇದ್ದರೂ ಡಿಗ್ರಿಗೆ ಬೆಲೆ ಇರಬಹುದು. ಯಾಕೆಂದರೆ ಕೆಲಸ ಕೊಡುವವರಿಗೆ ನಮ್ಮ ಒಳಗು ಕಾಣುವುದಿಲ್ಲ, ಡಿಗ್ರಿ ಅವರಿಗೆ ಕಾಣುವ ಒಂದು ಸಂಕೇತ. 2001ರ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಇದಕ್ಕೆ ಅಂಟಿಕೊಂಡೇ ಇನ್ನೊಂದು ಮಾತಿದೆ, ಕುರಿಚರ್ಮದ ಪರಿಣಾಮ ಎಂದು. ಹಿಂದೆ ಪದವಿಪತ್ರ ಬರೆಯುತ್ತಿದ್ದದ್ದು ಕುರಿಚರ್ಮದ ಮೇಲೆ. ನಾಲ್ಕು ವರ್ಷದಲ್ಲಿ ಮೂರು ಓದಿ ಬಿಟ್ಟವರಿಗೆ ಮುಕ್ಕಾಲು ಲಾಭ ಸಿಗುವುದಿಲ್ಲ, ಕೊನೆಯ ವರ್ಷ ಮುಗಿಸಿದ್ದಕ್ಕೆ ಉಳಿದ ವರ್ಷಗಳಿಗಿಂತ ಜಾಸ್ತಿ ಬೆಲೆ ಎಂಬುದು ಅದರ ಸಾರ. ಇನ್ನು ಬೇರೆ ದೇಶಕ್ಕೆ ಹೋಗಬೇಕೆಂದಾಗ ಕಾಗದ ನೇರವಾಗಿಯೇ ಅಡ್ಡ ಬರುತ್ತದೆ. ಅಮೆರಿಕದ ಎಚ್-1ಬಿ ವೀಸಾಕ್ಕೆ ಪದವಿ ಇಲ್ಲದವರು ಅನುಭವ ತೋರಿಸಬಹುದು, ಆದರೆ ಓದದ ಒಂದೊಂದು ವರ್ಷಕ್ಕೆ ಮೂರು ಮೂರು ವರ್ಷದ ಕೆಲಸದ ಲೆಕ್ಕ. ತಂಗಿಗೆ ಉಳಿದಿರುವುದು ಒಂದೂವರೆ ವರ್ಷ. ಅಂದರೆ ನಾಲ್ಕೂವರೆ. ಇಪ್ಪತ್ತರಲ್ಲಿ ಇಂಥ ಲೆಕ್ಕ ಯಾರಿಗೆ ಬೇಕು ಹೇಳಿ.

ನನ್ನನ್ನು ವಾಪಸ್ ಕರೆತಂದದ್ದು ಸ್ಪೆನ್ಸ್ ಅಲ್ಲ, ವೀಸಾ ಅಲ್ಲ. ಪಂಪಿಂಗ್ ಲೆಮ್ಮಾ ಕೂಡ ಅಲ್ಲ, ಅದನ್ನು ಆ ಹಿರಿಯರ ಥರ ಹೊರಗೇ ಓದಬಹುದಿತ್ತು. ಹೊಸಬರು ಯಾರಾದರೂ ಪರಿಚಯವಾದಾಗ ನಾನು ಕಾಲೇಜು ಬಿಟ್ಟ ಕಥೆಯನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೆ. ಆ ಹಾಳೆ ನೋಡಿದ ಮೇಲೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಕೆಲಸವನ್ನು ಆರಿಸಿಕೊಂಡೆ ಎಂದು ಎಲ್ಲರಿಗೂ ಹೇಳುತ್ತಿದ್ದವನು ಒಂದು ಪೇಪರಿಗೆ ಹೆದರಿ ಓಡಿಬಂದಿದ್ದೆ. ಫಾರಂನಲ್ಲಿ ಬರೆದಿದ್ದ ಎರಡು ವರ್ಷದಲ್ಲಿ ಹತ್ತು ತಿಂಗಳು ಉಳಿದಿತ್ತು. ಹೋದೆ.

ವಾಪಸ್ ಹೋಗಿದ್ದು ಸುಖವಾಗಿತ್ತು ಎಂದೇನೂ ಅಲ್ಲ. ಜೂನಿಯರ್‌ಗಳ ಜೊತೆ ಕೂರಬೇಕು. ಸಂಬಳ ಇಲ್ಲ. ನಾನು ಶುರು ಮಾಡಿದ್ದ ಕೆಲಸ ಬೇರೆಯವರ ಕೈಗೆ ಹೋಯಿತು, ಅದರ ಬಗ್ಗೆ ಇವತ್ತಿಗೂ ಸಣ್ಣ ಹೊಟ್ಟೆಕಿಚ್ಚಿದೆ. ಆಟೋಮ್ಯಾಟಾ ಪಾಸಾದೆ, ಅಂಕ ಕೇಳಬೇಡಿ. ಬದಲಾಗಿದ್ದು ಒಂದೇ: ಬೋರ್ಡಿನ ಮೇಲೆ ವೃತ್ತ ಬರೆದಾಗ ನನಗೆ ಆ ಮೂರು ಸಾಲಿನ ರೆಜೆಕ್ಸ್ ಕಾಣುತ್ತಿತ್ತು. ಪಕ್ಕದಲ್ಲಿ ಕೂತ ಹುಡುಗ "ಇದೆಲ್ಲ ಯಾವ ಕೆಲಸಕ್ಕೆ ಬರುತ್ತೆ?" ಎಂದು ಗೊಣಗಿದಾಗ ಅವನಿಗೆ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಇನ್ನೊಬ್ಬ ಗೆಳೆಯನನ್ನೂ ಇಲ್ಲಿ ನೆನೆಯಬೇಕು. ನಾನು ಬಿಟ್ಟ ಸೆಮಿಸ್ಟರ್‌ನಲ್ಲೇ ಅವನೂ ಬಿಟ್ಟ. ಅವನ ಮನೆ ಅವನ ಸಂಬಳದಿಂದ ನಡೆಯಬೇಕಿತ್ತು. ಅವನಿಗೆ ಥಿಯರಿ ಚೆನ್ನಾಗಿ ಬರುತ್ತಿತ್ತು, ನನಗೆ ಹೇಳಿಕೊಡುತ್ತಿದ್ದವನೇ ಅವನು. ವಾಪಸ್ ಬರಲಿಲ್ಲ. ಈಗ ನನಗಿಂತ ದೊಡ್ಡ ತಂಡ ನಡೆಸುತ್ತಾನೆ. ಓಡುವುದು, ಆರಿಸುವುದು ಎಂದು ನಾನು ಮೇಲೆ ಬರೆದದ್ದಕ್ಕೆಲ್ಲ ಅವನ ಬದುಕಿನಲ್ಲಿ ಜಾಗವಿರಲಿಲ್ಲ.

ಫೋನ್

ಕೊನೆಗೆ ಮೆಸೇಜ್ ಬಿಟ್ಟು ತಂಗಿಗೆ ಫೋನ್ ಮಾಡಿದೆ. ಮನೆಗೆ ದುಡ್ಡಿನ ತೊಂದರೆ ಇದೆಯಾ ಎಂದು ಮೊದಲು ಕೇಳಿದೆ. ಇಲ್ಲ ಅಂದಳು. ಆಮೇಲೆ, "ಯಾವ ಸಬ್ಜೆಕ್ಟ್ ಬಾಕಿ ಇದೆ?" ಆ ಕಡೆ ಮೌನ. ಸಿಕ್ಕಿಬಿದ್ದಳು ಎಂದು ಒಳಗೊಳಗೇ ಖುಷಿಪಟ್ಟೆ. ಅವಳು "ಯಾವುದೂ ಇಲ್ವಲ್ಲ ಅಣ್ಣ, ಯಾಕೆ?" ಅಂದಳು. ಎಲ್ಲದರಲ್ಲೂ ಪಾಸಾಗಿದ್ದಳು, ಒಳ್ಳೆ ಅಂಕವೂ ಇತ್ತು. ಅವಳಿಗೆ ಕೆಲಸ ನಿಜವಾಗಿಯೂ ಇಷ್ಟವಾಗಿತ್ತು. ತಂಡದಲ್ಲಿ ಮಾಡುತ್ತಿದ್ದ ಡೇಟಾಬೇಸ್ ಕೆಲಸದ ಬಗ್ಗೆ ಇಪ್ಪತ್ತು ನಿಮಿಷ ಬಿಡದೆ ಮಾತಾಡಿದಳು. ಇಷ್ಟು ಹೊತ್ತು ನಾನು ತಯಾರಿ ಮಾಡಿಕೊಂಡಿದ್ದ ಕಥೆ ಅವಳದ್ದಾಗಿರಲಿಲ್ಲ.

ಹೇಳಲು ಏನೂ ಉಳಿಯದೆ, ನನ್ನ ಫಾರಂ ಕಥೆ ಹೇಳಿದೆ. ನಾಲ್ಕು ಪುಟ, ಒಂದು ಪುಟ, ಬಿಸಿಲು. ಅವಳು ಜೋರಾಗಿ ನಕ್ಕಳು. ಆಮೇಲೆ ತಟ್ಟನೆ ಕೇಳಿದಳು, "ನಮ್ಮಲ್ಲೂ ಬ್ರೇಕ್ ಇರತ್ತಾ?" ಅವಳಿಗೂ ಗೊತ್ತಿರಲಿಲ್ಲ. ಕಂಪನಿಯವರು ಕಾಯುತ್ತಾರಾ, ಕಾಲೇಜು ಮುಗಿಯುವವರೆಗೆ ಅರ್ಧ ದಿನದ ಕೆಲಸ ಕೊಡುತ್ತಾರಾ ಎಂದೂ ಕೇಳಿರಲಿಲ್ಲ. ಈಗಲೇ ಸೇರಬೇಕು ಎಂದು ಅವರು ಒಮ್ಮೆ ಹೇಳಿದ್ದರು, ಅವಳು ಅಷ್ಟಕ್ಕೇ ನಿದ್ದೆಗೆಟ್ಟಿದ್ದಳು.

ಮರುದಿನ ಎರಡೂ ಕಡೆ ಕೇಳಿದ್ದಾಳೆ. ಕಾಲೇಜಿನಲ್ಲಿ ಬ್ರೇಕ್ ಇದೆ, ಒಂದು ವರ್ಷ. ಕಂಪನಿಯವರು ನೋಡಿ ಹೇಳುತ್ತೇವೆ ಅಂದಿದ್ದಾರಂತೆ. ನಿನ್ನೆ ಮತ್ತೆ ಮೆಸೇಜ್ ಬಂತು, ಈ ಸಲ ಮಧ್ಯಾಹ್ನ. "ಇನ್ನೂ ಏನೂ ಹೇಳಿಲ್ಲ ಅಣ್ಣ. ನೀನು ಆ ಪಾರ್ಸರ್ ಬರೆದ್ಯಾ ಕೊನೆಗೆ?"

ಬರೆದೆ. ನೂರಾ ನಲವತ್ತು ಸಾಲು ಆಯಿತು.